ನ್ಯಾಯಾಲಯದ ಮೆಟ್ಟಿಲೇರಿದ ಪದ

ಪದಗಳಿಗೂ ಕುಲಗೋತ್ರವುಂಟು. ಅದನ್ನು ವಿಚಾರಿಸಿಯೇ ತೀರ್ಪು ಕೊಟ್ಟ ಇಂಗ್ಲೆಂಡಿನ ಪ್ರಸಂಗವೊಂದನ್ನು ಇಲ್ಲಿ ನೆನೆಯುತ್ತೇವೆ.

ಲಂಡನ್ನಿನ ‘ಸೆಕ್ಸ್ ಪಿಸ್ಟಲ್ಸ್’ ಎಂಬ ಪಂಕ್ ವಾದ್ಯತಂಡದ ಧ್ವನಿಮುದ್ರಿಕೆ 1977ರ ಅಕ್ಟೋಬರಿನಲ್ಲಿ ಹೊರಬಂದಿತು. ಸ್ಟುಡಿಯೋದಲ್ಲಿ ಸಿದ್ಧವಾದ ಅವರ ಆಲ್ಬಮ್ ಅದೊಂದೇ. ಹಳದಿ ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ‘ನೆವರ್ ಮೈಂಡ್ ದಿ ಬಾಲಕ್ಸ್’ ಎಂದಿತ್ತು. ಕಡೆಯ ಪದಕ್ಕೆ ಆಡುನುಡಿಯಲ್ಲಿ ವೃಷಣವೆಂದೂ ‘ಹುರುಳಿಲ್ಲದ ಮಾತು’ ಎಂದೂ ಎರಡರ್ಥ. ದೊಡ್ಡ ಅಂಗಡಿಗಳು ಕೆಲವು ಮಾರಲೊಪ್ಪಲಿಲ್ಲ. ಆದರೂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು.

ಅದನ್ನು ಕಿಟಕಿಯಲ್ಲಿಟ್ಟ ನಾಟಿಂಗ್‌ಹ್ಯಾಮ್‌ನ ಅಂಗಡಿಯೊಂದರ ವ್ಯವಸ್ಥಾಪಕರ ಮೇಲೆ 1889ರ ಅಶ್ಲೀಲ ಜಾಹೀರಾತು ಕಾಯಿದೆಯಂತೆ ಮೊಕದ್ದಮೆಯಾಯಿತು. ನವೆಂಬರಿನಲ್ಲಿ ವಿಚಾರಣೆ. ಅವರ ಪರ ವಾದಿಸಿದವರು ಸಾಹಿತಿಯೂ ಆಗಿದ್ದ ವಕೀಲ ಜಾನ್ ಮಾರ್ಟಿಮರ್. ಪತ್ರಿಕೆಗಳು ಅದೇ ಪದವನ್ನು ಅಚ್ಚುಮಾಡಿದರೂ ಅವುಗಳ ಮೇಲೆ ದಾವೆಯಿಲ್ಲವೇಕೆ ಎಂಬುದು ಅವರ ಪಕ್ಷದ ಪ್ರಶ್ನೆ. ಸಾಕ್ಷಿಯಾಗಿ ಬಂದವರು ಅಲ್ಲಿನ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಜೇಮ್ಸ್ ಕಿನ್ಸ್ಲಿ. ಪದ ಬಹು ಹಳೆಯದು, ಹಿಂದೆ ಪಾದ್ರಿಗಳಿಗೇ ಅಡ್ಡಹೆಸರಾಗಿತ್ತು, ಇಲ್ಲಿ ಅದಕ್ಕೆ ‘ಹುರುಳಿಲ್ಲದ ಮಾತು’ ಎಂದಷ್ಟೇ ಅರ್ಥ ಎಂದು ಅವರು ವಿವರಿಸಿದರು. ನ್ಯಾಯಪೀಠ ಒಲ್ಲದ ಮನಸ್ಸಿನಿಂದಲೇ ಆರೋಪಿಯನ್ನು ಬಿಡುಗಡೆ ಮಾಡಿತು.

ಮರುವರ್ಷದ ಜನವರಿಯಲ್ಲೇ ತಂಡ ಒಡೆಯಿತು. ಪದ ಗೆದ್ದು ಉಳಿಯಿತು. ಅಜ್ಜಿಯಿಂದ ಕಲಿತ ಹಳ್ಳಿಯ ಮಾತನ್ನು ಮಕ್ಕಳಾಡಿದಾಗ ‘ಒರಟು’ ಎಂದು ಗದರುವ ಮುನ್ನ, ಹೊರನಾಡಿನ ನಾವೂ ಒಮ್ಮೆ ನಿಘಂಟು ತೆರೆಯಬೇಡವೆ?