ಚರಂಡಿಯ ಮುಚ್ಚಳ

ಗಬ್ಬೂರಿನಿಂದ ಅವ್ವ ಬೆಂಗಳೂರಿಗೆ ಬಂದಾಗೆಲ್ಲ ನಮ್ಮಿಬ್ಬರ ನಡುವೆ ಒಂದು ಜಗಳ ಇದ್ದದ್ದೇ. ನಾನು ಫುಟ್‌ಪಾತ್ ಮೇಲೆ ಬಾ ಅಂತೀನಿ, ಅವಳು ರಸ್ತೆಯ ಅಂಚಲ್ಲೇ ನಡೀತಾಳೆ. ಹಿಂದೆ ಟೆಂಪೋ ಹಾರ್ನ್ ಹೊಡೀತಿದ್ರೂ ಕೇಳಲ್ಲ. "ಮೊಣಕಾಲು ಹಿಡಕೊಂಡಾವ. ನಿಮ್ಮ ಕಟ್ಟಿ ಹತ್ತಿ ಇಳಿಯೂದು ನನ್ನಿಂದ ಆಗಲ್ಲಪ್ಪ."

ಕಟ್ಟೆ ಅಂದದ್ದು ಸರಿಯಾಗಿಯೇ ಇದೆ. ನಮ್ಮ ಬಹುಪಾಲು ಫುಟ್‌ಪಾತ್‌ಗಳು ನಡೆಯೋರಿಗೆ ಅಂತ ಹುಟ್ಟಿದ್ದಲ್ಲ. ರಸ್ತೆ ಪಕ್ಕ ಮಳೆನೀರಿನ ಚರಂಡಿ ತೋಡಿದರು, ಮೇಲೆ ಚಪ್ಪಡಿ ಹೊದಿಸಿದರು, ಅದೇ ಫುಟ್‌ಪಾತ್ ಆಯ್ತು. ಎತ್ತರ ಎಷ್ಟಿರಬೇಕು ಅನ್ನೋದನ್ನು ಚರಂಡಿ ತೀರ್ಮಾನ ಮಾಡ್ತು, ಮೊಣಕಾಲು ಅಲ್ಲ.

ಬೇರೆ ಕಡೆ ಮೊಣಕಾಲೂ ಮಾತಾಡಿದೆ. ಜಪಾನಿನ ಒಕಾಯಾಮಾದಲ್ಲಿ ಸೇಯಿಚಿ ಮಿಯಾಕೆ ಅನ್ನೋರು ಅಂಧರ ಪಾದಕ್ಕೆ ತಿಳಿಯುವ ಉಬ್ಬುಚುಕ್ಕೆಯ ಹಾಸುಬಿಲ್ಲೆ ರೂಪಿಸಿದರು. 1967ರಲ್ಲಿ ಅಂಧರ ಶಾಲೆಯ ಹತ್ತಿರ ಮೊದಲು ಹಾಕಿದ್ದು. ನಮ್ಮ ಮೆಟ್ರೋದಲ್ಲಿ ನೀವು ತುಳಿಯುವ ಹಳದಿ ಪಟ್ಟಿ ಅದೇ. ಅಮೆರಿಕದ ಬರ್ಕ್ಲಿಯಲ್ಲಿ 1970ರ ದಶಕದ ಆರಂಭದಲ್ಲಿ ವೀಲ್‌ಚೇರ್‌ನಲ್ಲಿದ್ದ ವಿದ್ಯಾರ್ಥಿಗಳು ಹಟ ಹಿಡಿದು, ಮೂಲೆಮೂಲೆಯಲ್ಲಿ ಇಳಿಜಾರು ಮಾಡಿಸೋಕೆ ನಗರಸಭೆಯಿಂದಲೇ ಹಣ ಇಡಿಸಿದರು. ಆಮೇಲೆ ಅದನ್ನ ಹೆಚ್ಚಾಗಿ ಬಳಸಿದ್ದು ಮಗುವಿನ ಗಾಡಿ ತಳ್ಳೋರು, ಸೂಟ್‌ಕೇಸ್ ಎಳೆಯೋರು.

ನಮ್ಮಲ್ಲಿ ಕಾನೂನು ಇರಲಿಲ್ಲವೇ? ಇತ್ತು. ಫುಟ್‌ಪಾತ್‌ನಲ್ಲಿ ವೀಲ್‌ಚೇರ್‌ಗೆ ಇಳಿಜಾರು ಇರಬೇಕು ಅಂತ 1995ರ ಅಂಗವಿಕಲರ ಕಾಯ್ದೆಯೇ ಹೇಳಿತ್ತು, ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ'. ಕೋಡ್‌ನಲ್ಲಿ ಇಂಥ ಒಂದು 'ಇಫ್' ಹಾಕಿಬಿಟ್ರೆ ಒಳಗಿನ ಸಾಲು ಯಾವತ್ತೂ ರನ್ ಆಗಲ್ಲ. ಹಳೇ ಕಾಯ್ದೆಯ ಜಾಗಕ್ಕೆ 2016ರಲ್ಲಿ ಹೊಸದು ಬಂತು. ಅದಕ್ಕೂ ಮೊದಲೇ, 2012ರಲ್ಲಿ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಾಗಿತ್ತು: ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 150 ಮಿಲಿಮೀಟರ್ ದಾಟಬಾರದು. ಟೇಪ್ ಹಿಡಿದು ನಿಮ್ಮ ಬೀದಿ ಅಳೆದು ನೋಡಿ.

ಅಳತೆಗೆ ತಕ್ಕಂತೆ ಕಟ್ಟಿದ್ದೂ ಇದೆ. ಜನ ಅರ್ಬನ್ ಸ್ಪೇಸ್‌ನ ಸ್ವಾತಿ ರಾಮನಾಥನ್ ಮುಂದಾಳತ್ವದಲ್ಲಿ ರೂಪುಗೊಂಡ ಟೆಂಡರ್‌ಶ್ಯೂರ್ ಯೋಜನೆಗೆ ರಾಜ್ಯ ಸರ್ಕಾರ ಹಣ ಕೊಟ್ಟಿತು. ಮೊದಲ ಕಂತಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆ ಸೇರಿ ಮಧ್ಯ ಬೆಂಗಳೂರಿನ 7 ರಸ್ತೆಗಳು. ಉಪಾಯ ಸರಳ. ನೀರು, ಒಳಚರಂಡಿ, ಕರೆಂಟು, ಕೇಬಲ್ ಎಲ್ಲಕ್ಕೂ ನೆಲದಡಿ ಬೇರೆಬೇರೆ ಜಾಗ ಕೊಡೋದು, ಮತ್ತೆಮತ್ತೆ ಅಗೆಯೋದು ತಪ್ಪಿಸೋದು. ವಾಹನದ ದಾರಿ ಉದ್ದಕ್ಕೂ ಒಂದೇ ಅಗಲ, ಮಿಕ್ಕಿದ್ದು ನಡೆಯೋರಿಗೆ. ಕಾರಿನವರು ರಸ್ತೆ ಸಣ್ಣದಾಯ್ತು ಅಂತ ಗೊಣಗಿದರು. ಬೈಕಿನವರು ಫುಟ್‌ಪಾತ್ ಅಗಲವಾಯ್ತು ಅಂತ ಖುಷಿಪಟ್ಟು ಹತ್ತಿಸಿದರು. (ನಾನೂ ಒಮ್ಮೆ ಹತ್ತಿಸಿದ್ದೀನಿ, ಆಫೀಸಿಗೆ ಲೇಟಾಗಿತ್ತು.) ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಮಾತ್ರ ಅವ್ವ ನನ್ನ ಜತೆ ಜಗಳವಾಡದೆ ನಡೆದಳು. ಆದರೆ ಅವಳು ಉಳಿಯೋದು ನನ್ನ ಬಾಡಿಗೆ ಮನೆಯಲ್ಲಿ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಲ್ಲ.

ಗಬ್ಬೂರಿನಲ್ಲಿ ಹಳೇ ಗುಡಿಗಳಿವೆ, ಶಾಸನಗಳಿವೆ, ಫುಟ್‌ಪಾತ್ ಅನ್ನೋ ಮಾತೇ ಇಲ್ಲ. ನಮ್ಮ ಕಡೆ ಅನುದಾನ ಬಂತು ಅಂದ್ರೆ ಸಿಸಿ ರಸ್ತೆ, ಚರಂಡಿ. 15ನೇ ಹಣಕಾಸು ಆಯೋಗ 2021–26ಕ್ಕೆ ಪಂಚಾಯ್ತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40ರಲ್ಲಿ ಊರಿನ ಬೇರೆ ಎಲ್ಲ ಬೇಡಿಕೆಗಳ ಜೊತೆ ನಡಿಗೆಯೂ ಸಾಲಲ್ಲಿ ನಿಲ್ಲಬೇಕು. ನಿಲ್ಲಿಸೋರು ಯಾರು?

ಕಳೆದ ಸಲ ಹೋದಾಗ ನಮ್ಮ ಓಣಿಯ ಚರಂಡಿಗೆ ಹೊಸದಾಗಿ ಸ್ಲ್ಯಾಬ್ ಬಿದ್ದಿತ್ತು, ರಸ್ತೆಗಿಂತ ಒಂದು ಗೇಣು ಮೇಲೆ. ಅವ್ವ ಮೇಸ್ತ್ರಿಗೆ ಚಹಾ ಕುಡಿಸಿ, ಮನೆ ಮುಂದೆ ಎರಡು ಬುಟ್ಟಿ ಕಾಂಕ್ರೀಟ್ ಸುರುವಿಸಿ ಇಳಿಜಾರು ಮಾಡಿಸಿಕೊಂಡಿದ್ದಳು. ಸಂಜೆ ಪಕ್ಕದ ಮನೆ ಅಜ್ಜಿ ಕೋಲು ಊರಿಕೊಂಡು ಅಲ್ಲಿಂದಲೇ ಹತ್ತಿದಳು. ಹಿಂದೆಯೇ ಹುಡುಗನೊಬ್ಬ ಸೈಕಲ್ ಇಳಿಸಿಕೊಂಡು ಹೋದ.