ತಾಳಮದ್ದಲೆಯ ಕ್ಯಾಸೆಟ್ಟು, ಪರದೆಯ ಮೇಲಿನ ಅಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮನೆಯ ಧ್ವನಿಮುದ್ರಣ ಬೆಳೆದದ್ದು ಯಕ್ಷಗಾನದ ಬೆನ್ನಿಗೆ. ಮೇಳಗಳ ತಿರುಗಾಟ ನಿಲ್ಲುವ ಮಳೆಗಾಲದಲ್ಲಿ ಮನೆಯ ಜಗುಲಿಯಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ತಾಳಮದ್ದಲೆ ಕೂಟ ಸೇರುತ್ತಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ಎಂಬತ್ತರ ದಶಕದ ಹೊತ್ತಿಗೆ ಅಡಕೆ ತೋಟದ ಮನೆಗಳನ್ನೂ ತಲುಪಿತು. ಟೇಪ್‌ರೆಕಾರ್ಡರು ಭಾಗವತರ ಎದುರು ಬಂದು ಕೂತಿತು. ನೆಬ್ಬೂರು ನಾರಾಯಣ ಭಾಗವತ, ಹೊಸ್ತೋಟ ಮಂಜುನಾಥ ಭಾಗವತರಂಥವರು ಹಾಡುತ್ತಿದ್ದ ಕಾಲವದು.

ಅಂಥ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, 2000ದಲ್ಲಿ ಬಂದ ಆಡಾಸಿಟಿಯಂಥ ತಂತ್ರಾಂಶದಲ್ಲಿ ತೆರೆದರೆ ಧ್ವನಿಯ ಅಲೆ ಹಲವು ಕಡೆ ವಿಕಾರವಾಗಿ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಚಂಡೆಯ ಪೆಟ್ಟಿನ ಹಿಂದೆಯೇ ಬೀಳುವ ಹೊಂಡ. ಮನೆಬಳಕೆಯ ಟೇಪ್‌ರೆಕಾರ್ಡರುಗಳಲ್ಲಿ ಮುದ್ರಣದ ಮಟ್ಟವನ್ನು ತಾನಾಗಿ ಏರಿಳಿಸುವ ಸರ್ಕೀಟು ಇರುತ್ತಿತ್ತು. ಮಾತಿಗೆ ಅದು ಸಾಕು. ಚಂಡೆಯ ಪೆಟ್ಟಾದರೋ ಕ್ಷಣಾರ್ಧದಲ್ಲಿ ಮುಗಿಲಿಗೇರುತ್ತದೆ. ಯಂತ್ರ ಗಾಬರಿಬಿದ್ದು ಮಟ್ಟ ಇಳಿಸುತ್ತದೆ, ಮತ್ತೆ ಏರಿಸಲು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಪದ್ಯದ ಒಂದೆರಡು ಅಕ್ಷರ ಮುಳುಗಿರುತ್ತದೆ. ಭಾಗವತರ ಸ್ವರ ಸೋತಿತೆಂದು ಕೇಳುಗರು ಭಾವಿಸಿದರೆ ಅದು ಅನ್ಯಾಯ, ಸೋತದ್ದು ಸರ್ಕೀಟು.

ಎರಡನೆಯದು ಗುಂಯ್ಗುಡುವ ವಿದ್ಯುತ್ತು. ಸಿದ್ದಾಪುರದ ಗಡಿಯಲ್ಲೇ ಇರುವ ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾದರೂ ಕಣಿವೆಯ ಕೊನೆಯ ಮನೆಗಳಿಗೆ ಸಿಗುತ್ತಿದ್ದದ್ದು ಮಿಣುಕು ದೀಪ, ಹೋಗಿಬರುವ ಕರೆಂಟು. ಅಲೆಯನ್ನು ಹಿಗ್ಗಿಸಿ ನೋಡಿದಾಗ 20 ಮಿಲಿಸೆಕೆಂಡಿಗೊಮ್ಮೆ ಅದೇ ಏರಿಳಿತ ಮರುಕಳಿಸಿದರೆ ಅದು 50 ಹರ್ಟ್ಸಿನ ಮೇನ್ಸ್. 10 ಮಿಲಿಸೆಕೆಂಡಾದರೆ ಸಾಧನದ ಒಳಗಿನ ಪವರ್ ಸಪ್ಲೈ ಮೇಲೆ ಅನುಮಾನ. ಈ ದೋಷಕ್ಕೊಂದು ಉಪಕಾರವೂ ಉಂಟು. ಬ್ಯಾಟರಿ ಸೋತು ಟೇಪು ನಿಧಾನವಾಗಿ ಓಡಿದ್ದರೆ, ಸರಿಯಾದ ಯಂತ್ರದಲ್ಲಿ ಹಾಕಿದಾಗ ಶ್ರುತಿ ಏರುತ್ತದೆ, ಪದ್ಯ ಓಡುತ್ತದೆ. ಮೈಕ್ ಸೆಟ್ಟಿನ ಗುಂಯ್ ಜತೆಗೆ ದಾಖಲಾಗಿದ್ದು, ಅದು 50ರ ಬದಲು 52 ಎಂದು ತೋರಿದರೆ ವೇಗ ಶೇ 4ರಷ್ಟು ಹೆಚ್ಚಾಗಿದೆ ಎಂದರ್ಥ. ಅಷ್ಟು ಇಳಿಸಿದರೆ ಶ್ರುತಿ ಮನೆಗೆ ಬರುತ್ತದೆ. ಜನರೇಟರ್ ಬಳಸಿದ ಕೂಟಗಳಲ್ಲಿ ಈ ಲೆಕ್ಕ ನಂಬುವಂತಿಲ್ಲ.

ಡಿಜಿಟಲ್ ಮುದ್ರಣ ಬಂದ ಮೇಲೆ ವಿಕಾರದ ರೂಪ ಬದಲಾಯಿತು. ಟೇಪು ತಾಳಲಾರದಾಗ ಅಲೆಯ ನೆತ್ತಿಯನ್ನು ದುಂಡಗೆ ಬಗ್ಗಿಸುತ್ತಿತ್ತು. ಡಿಜಿಟಲ್ ಯಂತ್ರ ಕತ್ತಿಯಿಂದ ಸವರಿದಂತೆ ಚಪ್ಪಟೆ ಮಾಡುತ್ತದೆ. ಚಪ್ಪಟೆ ನೆತ್ತಿ ಅಳತೆಯ ತುತ್ತತುದಿಯಲ್ಲಿದ್ದರೆ ತಪ್ಪು ರೆಕಾರ್ಡರಿನ ಮಟ್ಟದ್ದು. ತುದಿಗಿಂತ ಕೆಳಗೇ ಚಪ್ಪಟೆಯಾಗಿದ್ದರೆ ಧ್ವನಿ ಮೊದಲೇ, ಮೈಕಿನಲ್ಲೋ ಮಿಕ್ಸರಿನಲ್ಲೋ ಒಡೆದಿದೆ. ಆಮೇಲೆ ಎಷ್ಟು ತಗ್ಗಿಸಿದರೂ ಫಲವಿಲ್ಲ. ವಿದ್ಯುತ್ ಗಿಟಾರಿನವರು ಇದೇ ಒಡಕನ್ನು ಬೇಕೆಂದೇ ತರಿಸಿ ಅದನ್ನೇ ರಾಕ್ ಸಂಗೀತದ ಸೊಗಸಾಗಿಸಿಕೊಂಡರು. ಮದ್ದಲೆಯ ನಾದಕ್ಕೆ ಅದು ಒಗ್ಗುವುದಿಲ್ಲ.

ವಿಚಿತ್ರವಾಗಿ ಕಂಡದ್ದೆಲ್ಲ ದೋಷವಲ್ಲ. ಇಡೀ ಅಲೆ ನಡುಗೆರೆಯಿಂದ ಮೇಲಕ್ಕೋ ಕೆಳಕ್ಕೋ ಸರಿದು, ಮೌನದಲ್ಲೂ ಹಾಗೇ ನಿಂತಿದ್ದರೆ ಅದು ಅಗ್ಗದ ಸೌಂಡ್ ಕಾರ್ಡ್ ಬೆರೆಸಿದ ನೇರ ವಿದ್ಯುತ್ತಿನ ಅಂಶ; ತಂತ್ರಾಂಶವೇ ಅದನ್ನು ತೆಗೆಯುತ್ತದೆ. ಮೌನದಲ್ಲಿ ಗೆರೆ ನಡುವೆಯೇ ಇದ್ದು, ಹಾಡಿದಾಗ ಮಾತ್ರ ಒಂದು ಪಕ್ಕ ಎತ್ತರವಾದರೆ ಅದು ಕಂಠದ ಸಹಜ ಗುಣ. ಮೀಟಿದ ತಂತಿಯಲ್ಲೂ ಇದು ಕಾಣುತ್ತದೆ. ಅದನ್ನು ತಿದ್ದಹೊರಟವರು ಒಳ್ಳೆಯ ಪದ್ಯವನ್ನೇ ಕೆಡಿಸುತ್ತಾರೆ.

ಈಗಿನ ಮುದ್ರಣದಲ್ಲಿ ಸ್ವಯಂಚಾಲಿತ ಮಟ್ಟವನ್ನು ಮೊದಲೇ ನಿಲ್ಲಿಸಿ, ಚಂಡೆಯ ಏರುಪೆಟ್ಟನ್ನು ಬಾರಿಸಿ ನೋಡಿ, ಅದು ತುದಿಗಿಂತ 10–12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಹೊಂದಿಸಿಕೊಳ್ಳುವುದು ಕ್ಷೇಮ. 24 ಬಿಟ್‌ನಲ್ಲಿ ಅಷ್ಟು ಜಾಗ ಬಿಟ್ಟರೂ ಭಾಗವತರ ಸಣ್ಣ ಆಲಾಪ ಗದ್ದಲದಲ್ಲಿ ಕಳೆದುಹೋಗುವುದಿಲ್ಲ. ಹೆಂಚಿನ ಮೇಲಿನ ಮಳೆಗೆ ಮಾತ್ರ ಇದರಲ್ಲಿ ಪರಿಹಾರವಿಲ್ಲ. ಮೈಕನ್ನು ಭಾಗವತರ ಹತ್ತಿರ ತರಬೇಕು, ಇಲ್ಲವೇ ಮಳೆ ಹೊಳವಾಗುವ ತನಕ ಕಾಯಬೇಕು.