ಅಗ್ನಿಶಾಮಕ ವಾಹನದ ಪೂರ್ವೇತಿಹಾಸ

ಬೆಂಕಿಯನ್ನಾರಿಸುವ ಯಂತ್ರವು ನಮ್ಮ ಶಾಸ್ತ್ರಗ್ರಂಥಗಳಲ್ಲಿಯೇ ಉಕ್ತವಾಗಿರುವುದೆಂದು ಕೆಲವರು ಹೇಳುವುದುಂಟು. ಈ ಮಾತನ್ನು ಪರೀಕ್ಷಿಸದೆ ಅಂಗೀಕರಿಸುವುದು ಉಚಿತವಲ್ಲ.

ಈ ವಿಷಯದಲ್ಲಿ ಮುಖ್ಯ ಪ್ರಮಾಣವೆಂದರೆ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ನಾಗರಿಕಪ್ರಣಿಧಿ ಪ್ರಕರಣವು. ಗೃಹಸ್ಥರು ನೀರಿನ ಕೊಡ, ದ್ರೋಣಿ, ಏಣಿ, ಕೊಡಲಿ, ಮೊರ, ಅಂಕುಶ, ತೊಗಲಿನ ಚೀಲ ಇವೇ ಮೊದಲಾದುವನ್ನು ಸಿದ್ಧವಾಗಿಟ್ಟಿರಬೇಕೆಂದೂ, ಬೆಂಕಿ ಬಿದ್ದಲ್ಲಿಗೆ ಓಡಿಬಾರದ ಮನೆಯೊಡೆಯನಿಗೆ 12 ಪಣ, ಬಾಡಿಗೆಗಿರುವವನಿಗೆ 6 ಪಣ ದಂಡವೆಂದೂ ಅಲ್ಲಿ ವಿಧಿಸಿದೆ. ಆದರೆ ನೀರನ್ನು ಒತ್ತಿ ಚಿಮ್ಮಿಸುವ ಯಂತ್ರವು ಆ ಪಟ್ಟಿಯಲ್ಲಿಲ್ಲ.

ಯಂತ್ರದ ಪರಂಪರೆಯು ಬೇರೆಯಾದುದು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸನು ನೀರೊತ್ತುವ ಪಂಪನ್ನು ರಚಿಸಿದನು. ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಡೆರ್ ಹೇಡನನು 1672ರ ಸುಮಾರಿಗೆ ಅದಕ್ಕೆ ತೊಗಲಿನ ಬಾಗುಗೊಳವೆಯನ್ನು ಜೋಡಿಸಿದನು. 1829ರಲ್ಲಿ ಲಂಡನ್ನಿನಲ್ಲಿ ಉಗಿಯ ಬಲವು ಕೂಡಿತು. ಮುಂದೆ ಮೋಟಾರು ಬಂದ ಮೇಲೆ ಪಂಪೂ ಗಾಡಿಯೂ ಒಂದಾದುವು. ಚೀನದಲ್ಲಿ ಇಂಥ ಮೊದಲನೆಯ ವಾಹನವನ್ನು 1932ರಲ್ಲಿ ಶಾಂಘೈಯ ಝೆಂದಾನ್ ಯಂತ್ರಶಾಲೆಯವರು ನಿರ್ಮಿಸಿದರು. ನಮ್ಮ ರಾಜ್ಯದಲ್ಲಿ 1964ರ ಅಧಿನಿಯಮದಿಂದ ಅಗ್ನಿಶಾಮಕ ದಳಕ್ಕೆ ಶಾಸನದ ಆಧಾರವು ದೊರೆಯಿತು.

ಆದುದರಿಂದ ಯಂತ್ರವು ಒಂದು ದೇಶದ ಸೊತ್ತಲ್ಲ. ಅದನ್ನು ಕೌಟಿಲ್ಯನಲ್ಲಿ ಆರೋಪಿಸುವುದು ಅವನಿಗೆ ಗೌರವವೂ ಅಲ್ಲ. ಅವನ ಹಿರಿಮೆಯು ನೆರೆಯವರ ಕರ್ತವ್ಯವನ್ನು ವಿಧಿಯಾಗಿಸಿದುದರಲ್ಲಿದೆ. ವನದುರ್ಗದಂಥ ಗ್ರಾಮದಲ್ಲಿ ಬಣವೆಗೆ ಬೆಂಕಿ ಹತ್ತಿದರೆ ವಾಹನವು ದೂರದ ಪಟ್ಟಣದಿಂದ ಬರಬೇಕಷ್ಟೆ. ಅದು ಬಂದು ಮುಟ್ಟುವವರೆಗೆ ತುಂಬಿದ ಕೊಡವೂ ಓಡಿಬರುವ ನೆರೆಯವನೂ ಇಲ್ಲದಿದ್ದರೆ ಉಳಿಯುವುದು ಬೂದಿ ಮಾತ್ರ.